ಸಿದ್ದಲಿಂಗನ ತಂಪು ವ್ಯಾಯಾಮ

ಸಿದ್ದಲಿಂಗ ಅಂದು ವ್ಯಾಯಾಮಕ್ಕೆ ಅಂಗಳಕ್ಕಿಳಿದದ್ದೇ ತಪ್ಪಾಯಿತು.

ಹರಪನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ. ಮೈ ಬಿಸಿಯಾದರೆ ಕಾಲು ಮಾತು ಕೇಳುವುದಿಲ್ಲ, ಕಣ್ಣು ಮಂಜಾಗುತ್ತದೆ. ತಂಪುಹೊತ್ತಿನಲ್ಲಿ, ಗೋಡೆ ಹಿಡಿದು, ಸ್ವಲ್ಪಸ್ವಲ್ಪವೇ ನಡೆಯಿರಿ, ಸುಸ್ತಾದರೆ ಕೂತುಬಿಡಿ ಎಂದಿದ್ದರು ದಾವಣಗೆರೆಯ ಫಿಜಿಯೋಥೆರಪಿಸ್ಟ್. ನಡೆಯದೇ ಬಿಟ್ಟರೆ ಕಾಲು ಬಿಗಿದು ಕೆಲಸವೂ ಹೋದೀತೆಂಬ ಭಯ ಅವನಿಗಿತ್ತು.

ಬೆಳಿಗ್ಗೆ ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು ಒಂದಿಷ್ಟು ನಡೆದ, ಕೂತ. ಎದುರುಮನೆಯ ಕರಿಸಿದ್ದಪ್ಪ ನೋಡಿದರು. ಆ ನಿವೃತ್ತ ಡ್ರಿಲ್ ಮಾಸ್ತರರ ಕಣ್ಣಿಗೆ ಕೂತ ಮನುಷ್ಯ ಕಸ ಬಿದ್ದಂತೆ ಚುಚ್ಚುತ್ತಿದ್ದ.

“ಇದು ವ್ಯಾಯಾಮನೋ, ಬಸ್ ಕಾಯೋದೋ? ಏಳಪ. ಬೆವರು ಬರಬೇಕು.”

“ಮೈ ಕಾದ್ರ ನನಗ ಕಾಲು ನಿಲ್ಲಂಗಿಲ್ರಿ ಸರ.”

“ಬೆವರು ಬರದಿದ್ರ ಅದು ವ್ಯಾಯಾಮಲ್ಲ, ಫೋಟೋ.”

ಹೆಂಡತಿ ಕೋಮಲಾ ತೆಲಿಗಿಯ ತವರಿಗೆ ಹೋಗಿದ್ದಳು. ಹಿರಿಯರಿಗೆ ಎದುರಾಡಲಾರದೆ ಸಿದ್ದಲಿಂಗ ಎದ್ದ. ಮಾಸ್ತರರು ಬಿಸಿಲೇರುವವರೆಗೂ ಎಡ-ಬಲ ಮಾಡಿಸಿದರು. ಕೊನೆಗೆ ಅವನ ಕಾಲುಗಳು ನೆನೆದ ಹಪ್ಪಳದಂತೆ ಮಡಚಿಕೊಂಡವು.

ಓಣಿಗೆಲ್ಲ ಅತ್ತಿಯಾದ ಪಕ್ಕದ ಮನೆಯ ಗಾದೆಮ್ಮ ಓಡಿ ಬಂದಳು. “ಥಂಡಿ ಹೊಡದೈತಿ. ಕೊರಳಿಗೆ ಹಸಿ ಬಟ್ಟಿ ಬ್ಯಾರೆ” ಎಂದು ಟವೆಲ್ ಕಿತ್ತು, ಒಳಗೆ ಮಲಗಿಸಿ, ಕಂಬಳಿ ಹೊದಿಸಿ, ಬಿಸಿ ಕಷಾಯ ಕುಡಿಸಿದಳು. ಸಿದ್ದಲಿಂಗ ಕಂಬಳಿಯೊಳಗಿಂದ ಏನೋ ಹೇಳಿದ.

“ಬಡಬಡಿಸಾಕ ಹತ್ಯಾನ” ಎಂದು ಇನ್ನೊಂದು ಕಂಬಳಿ ತಂದಳು.

ಅಷ್ಟರಲ್ಲಿ ತವರಿನಿಂದ ಮರಳಿ ಬಂದ ಕೋಮಲಾ ಎರಡೂ ಕಂಬಳಿ ಎಳೆದುಹಾಕಿ, ಫ್ಯಾನ್ ಹಚ್ಚಿ, ಹಣೆಗೆ ತಣ್ಣೀರ ಬಟ್ಟೆ ಇಟ್ಟಳು. ಗಂಡನ ಕಣ್ಣು ತಿಳಿಯಾದ ಮೇಲೆ ಮಾಸ್ತರರನ್ನೂ ಗಾದೆಮ್ಮನನ್ನೂ ಕೂರಿಸಿ ಹೇಳಿದಳು.

“ಇವ್ರು ವ್ಯಾಯಾಮ ಬಿಡೂ ಹಂಗಿಲ್ಲ, ಮೈ ಕಾಯಿಸೂ ಹಂಗಿಲ್ಲ. ತಂಪಿನ್ಯಾಗ ನಾಕ್ ಹೆಜ್ಜಿ ಹಾಕಬೇಕು, ಸುಸ್ತಾತಂದ್ರ ಕುಂತು ಗಾಳಿ ತಗೋಬೇಕು.”

ಮಾಸ್ತರರು ತಲೆ ತಗ್ಗಿಸಿದರು. ಗಾದೆಮ್ಮ ಮತ್ತೊಮ್ಮೆ ಹೇಳಿಸಿಕೊಂಡಳು. “ಕುಂದ್ರೋದೂ ವ್ಯಾಯಾಮದಾಗ ಬರ್ತೈತಾ?”

“ಹೌದ್ರೀ ಅತ್ತಿ.”

ಸಂಜೆ ಗಾಳಿ ತಂಪಾದಾಗ ಸಿದ್ದಲಿಂಗ ಧೈರ್ಯ ಮಾಡಿ ಹೊರಬಂದ. ಅಂಗಳದಲ್ಲಿ ಅರ್ಧ ಓಣಿಯೇ ಇತ್ತು. ಕಟ್ಟೆ, ಕುರ್ಚಿ, ಮೆಟ್ಟಿಲು ಎಲ್ಲ ಭರ್ತಿ. ಎಲ್ಲರ ಕೈಯಲ್ಲೂ ಬೀಸಣಿಕೆ.

“ಸರ್ವಿಸು ಪೂರ್ತಿ ಮಕ್ಕಳನ್ನ ಸುಳ್ಳೇ ಓಡಿಸಿದೆ ನೋಡಪ,” ಮಾಸ್ತರರು ಕೂತಲ್ಲಿಂದಲೇ ಹೇಳಿದರು. “ಓಣಿಗೆಲ್ಲ ನಿನ್ನ ಪದ್ಧತಿನ ಕಲಿಸೀನಿ.”

ಸಿದ್ದಲಿಂಗ ಗೋಡೆ ಹಿಡಿಯಹೋದ. ಗೋಡೆಗೂ ಜನ ಒರಗಿದ್ದರು. ಹೇಗೋ ನಾಲ್ಕು ಹೆಜ್ಜೆ ಹಾಕಿದ. ಕಾಲು ನಡುಗತೊಡಗಿತು.

“ಅತ್ತಿ, ಸುಸ್ತಾತ್ರಿ. ಒಂಚೂರು ಸರೀರಿ.”

ಗಾದೆಮ್ಮ ಬೀಸಣಿಕೆ ನಿಲ್ಲಿಸಲಿಲ್ಲ.

“ತಡಿಯಪ,” ಎಂದಳು, “ವ್ಯಾಯಾಮದ ನಡುವ ಏಳಬಾರ್ದು.”