ಟಾರ್ಪಾಲಣ್ಣನ ಒಂದೇ ಸೈಜು

"ಹದಿನಾರು ಚಕ್ರದ ಲಾರಿಗೇ ಹೊದಿಕೆ ಹೊಲಿದವನು ನಾನು! ಒಂದು ಗೇಣು ಅಂಡಿಗೆ ಹೊಲಿಯೋದು ಯಾವ ಮಹಾ ಕೆಲಸ?"

ಟಾರ್ಪಾಲಣ್ಣ ಹೀಗೆ ಘೋಷಿಸಿದ್ದು ಊಟದ ಮೇಜಿನ ಮುಂದೆ, ಅಳತೆ ಟೇಪನ್ನು ಹೂಮಾಲೆಯಂತೆ ಕೊರಳಿಗೆ ಹಾಕಿಕೊಂಡು. ಕೇಳಿಸಿಕೊಂಡವರು ಹೆಂಡತಿ, ಅತ್ತೆ ಮತ್ತು ಆ ಒಂದು ಗೇಣಿನ ಒಡತಿಯಾದ ಪುಟ್ಟ ಮಗಳು. ಕೇಕೆ ಹಾಕಿದವಳು ಮಗಳು ಮಾತ್ರ.

ಕೊಚ್ಚಿಕೊಳ್ಳುವ ಹಕ್ಕು ಅವನಿಗಿತ್ತು ಅನ್ನಿ. ಎಂಥ ಮಳೆ ಹೊಡೆದರೂ ಅವನ ಹೊದಿಕೆಯ ಕೆಳಗಿನ ಹಿಟ್ಟು ಹಿಟ್ಟಾಗಿಯೇ ಊರು ಸೇರುತ್ತಿತ್ತು. ಅವನ ಮಂತ್ರ ಒಂದೇ: ನೀರು ನಿಲ್ಲಬಾರದು! ಮೂಟೆಗಳಾಚೆ ಹೊದಿಕೆಯ ಅಂಚು ಜೋತು ಬಿದ್ದು ನೀರು ಕೂರುವ ಕಡೆ ಎರಡು ತೂತು ಇಟ್ಟು, ಅದಕ್ಕೆ ಹಿತ್ತಾಳೆ ಬಳೆ ಕೂರಿಸುತ್ತಿದ್ದ. ನೀರು ಅಲ್ಲಿಂದ ಮರ್ಯಾದೆಯಾಗಿ ಇಳಿದು ತನ್ನ ದಾರಿ ಹಿಡಿಯುತ್ತಿತ್ತು. ಆ ಬಳೆ ನೋಡಿಯೇ ಲಾರಿಯವರು "ಇದು ನಮ್ಮ ಟಾರ್ಪಾಲಣ್ಣನ ಕೈ" ಅನ್ನುತ್ತಿದ್ದರು.

ಹೆಂಡತಿಯ ಕೆಲಸ ಇದಕ್ಕೆ ತಿರುಗುಮುರುಗು. ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಹುಡುಕುವವಳು. ಕಬ್ಬಿಣದ ಕೋಲನ್ನು ರಸ್ತೆಗೆ ಊರಿ ಇನ್ನೊಂದು ತುದಿಗೆ ಕಿವಿ ಕೊಟ್ಟರೆ ಸಾಕು, ನೆಲದಡಿ ಯಾವ ಪೈಪು ಅಳುತ್ತಿದೆ ಎಂದು ಹೇಳಿಬಿಡುವಳು. ಹೆರಿಗೆ ರಜೆಯಲ್ಲಿ ಆ ಕಿವಿಗೆ ಕೆಲಸವಿಲ್ಲದೆ ಮನೆಯ ನಲ್ಲಿಗಳನ್ನೇ ಒಂದೊಂದಾಗಿ ವಿಚಾರಿಸಿಕೊಳ್ಳುತ್ತಿದ್ದಳು. ಸೋಮವಾರ ರಜೆ ಮುಗಿಯುತ್ತದೆ. ಆದರೆ ಅಂಗಡಿಯ ಡೈಪರು ಹಾಕಿ ಹಾಕಿ ಮಗಳ ಅಂಡು ಟೊಮೇಟೊ ಆಗಿತ್ತು.

"ಇದಕ್ಕೊಂದು ದಾರಿ ಆಗದೆ ನಾನು ಕೆಲಸಕ್ಕೆ ಹೋಗಲ್ಲ ರೀ. ನನ್ನ ಜಾಗಕ್ಕೆ ಬೇರೆಯವರು ಬಂದ್ರೆ ಬರ್ಲಿ!"

ಬರ್ಲಿ ಅನ್ನುವಾಗ ಅವಳು ಮೂಲೆಯಲ್ಲಿದ್ದ ಕಬ್ಬಿಣದ ಕೋಲಿನ ಕಡೆ ನೋಡಿದಳು. ಟಾರ್ಪಾಲಣ್ಣ ಅದನ್ನು ಗಮನಿಸಿದ. ಅವಳನ್ನು ಅವನು ಮೊದಲು ಕಂಡದ್ದೇ ನಡುರಸ್ತೆಯಲ್ಲಿ, ಕೋಲಿಗೆ ಕಿವಿಯಿಟ್ಟು, ಸುತ್ತಲಿನ ಹಾರ್ನುಗಳಿಗೆಲ್ಲ ಕಿವುಡಾಗಿ ನಿಂತಾಗ. ಅದಕ್ಕಿಂತ ಚೆಂದದ ನೋಟವನ್ನು ಅವನು ಇಂದಿಗೂ ಕಂಡಿಲ್ಲ. ಅವಳು ಆ ಕೋಲನ್ನು ಬಿಡಬಾರದು. ಅದಕ್ಕೇ ಈ ಶಪಥ.

ಅದೂ ಅಂತಿಂಥ ಡೈಪರಲ್ಲ, 'ಒಂದೇ ಸೈಜಿನ' ಡೈಪರು! ಮುಂದೆ ಟಿಚ್ ಬಟನ್‌ಗಳ ಸಾಲು, ಕಾಲಿನ ಸುತ್ತ ಎಲಾಸ್ಟಿಕ್. ಎಳೆಗೂಸಿಗೆ ಮಡಚಿ ಒತ್ತಿದರೆ ಚಿಕ್ಕದು, ಕೂಸು ಬೆಳೆದಂತೆ ಸಾಲು ಬಿಚ್ಚಿದರೆ ದೊಡ್ಡದು.

"ಎಲ್ಲಿವರೆಗೆ ಬರತ್ತೆ?" ಅತ್ತೆ ಅನುಮಾನದಿಂದ ಕೇಳಿದರು.

"ಒಂದೇ ಸೈಜು ಅತ್ತೆ! ಬಟನ್ ಬಿಚ್ಚುತ್ತಾ ಹೋದ್ರೆ ನನಗೂ ಆಗತ್ತೆ!"

ಅಂದಿನಿಂದ ಮನೆಯಲ್ಲಿ ವಸ್ತುಗಳು ಮಾಯವಾಗತೊಡಗಿದವು. ಬೆಳಿಗ್ಗೆ ಬಚ್ಚಲಮನೆಯಿಂದ ಅತ್ತೆಯ ಕೂಗು ಕೇಳಿಸಿತು.

"ಅಳಿಯಂದ್ರೇ! ಇಲ್ಲಿದ್ದ ಪ್ಲಾಸ್ಟಿಕ್ ಪರದೆ ಎಲ್ಲಿ? ನನ್ನ ಟವೆಲ್ ಎಲ್ಲಿ?"

"ನಿಮ್ಮ ಮೊಮ್ಮಗಳ ಸೇವೆಗೆ ಹೋಗಿವೆ ಅತ್ತೆ!"

ಲಾರಿ ಹೊಲಿಯುವ ಯಂತ್ರದಲ್ಲಿ, ಲಾರಿ ಹೊಲಿಯುವ ದಾರದಲ್ಲಿ ಮೊದಲ ಡೈಪರು ತಯಾರಾಯಿತು. ಮೇಜಿನ ಮೇಲಿಟ್ಟರೆ ಹೆಲ್ಮೆಟ್ಟಿನಂತೆ ತಾನೇ ನಿಂತಿತು! ಮಗಳಿಗೆ ತೊಡಿಸಿದರು. ಇನ್ನೂ ಮಗ್ಗುಲಾಗಲೂ ಬಾರದ ಕೂಸು ನೆಟ್ಟಗೆ ಕೂತುಬಿಟ್ಟಿತು.

"ನೋಡೇ, ನಮ್ಮ ಮಗು ಆಗಲೇ ಕೂತಿದೆ!"

"ಕೂತಿಲ್ಲ ರೀ, ಸಿಕ್ಕಿಹಾಕ್ಕೊಂಡಿದೆ!"

ಆದರೂ ಅವನ ಹಟ ಮೆಚ್ಚಬೇಕು. ಎಲ್ಲ ಬಿಚ್ಚಿದ. ತನ್ನ ಹಳೆಯ ಬನಿಯನ್ನುಗಳನ್ನು ಒಳಪದರಕ್ಕೆ ಕತ್ತರಿಸಿದ. ಸೂಜಿ ಬದಲಿಸಿ, ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು ಹೊಲಿದ. ಭಾನುವಾರ ಡೈಪರು ಹೊರಬಂದಾಗ ಅತ್ತೆ ಕೂಡ ಅದನ್ನು ಕೆನ್ನೆಗೆ ಒತ್ತಿ ನೋಡಿ "ಬೆಣ್ಣೆ ಕಣಪ್ಪ!" ಎಂದರು. ಹೆಂಡತಿ ನಾಳೆಗೆಂದು ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ನೋಡುತ್ತಿದ್ದವಳು ಖುಷಿಯಿಂದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಮಗಳು ಒಮ್ಮೆ ಗಂಭೀರವಾದಳು. ಆಮೇಲೆ ನಕ್ಕಳು. ಮರುಕ್ಷಣ ಸಮವಸ್ತ್ರದ ಮೇಲೆ ಎರಡು ಧಾರೆ, ಅಳತೆ ಹಾಕಿದಷ್ಟು ನೇರವಾಗಿ, ಇಳಿಯತೊಡಗಿದವು!

ಹೆಂಡತಿ ಬೈಯಲಿಲ್ಲ. ಅವಳ ಕಣ್ಣು ಹೊಳೆಯಿತು. ಬಹಳ ದಿನದ ಮೇಲೆ ಸೋರಿಕೆ ಸಿಕ್ಕಿತ್ತು! ಡೈಪರನ್ನು ಬಿಚ್ಚಿ, ಚೊಂಬಿನಿಂದ ನೀರು ಹೊಯ್ದು, ಎಲಾಸ್ಟಿಕ್‌ನಡಿ ಬೆರಳಾಡಿಸಿದಳು. ಬೆರಳು ನಿಂತಿತು.

"ಇದೇನ್ರೀ ಇಲ್ಲಿ, ಬಳೆ ಕೂರಿಸಿದ ತೂತು?"

"ನೀರು... ನಿಲ್ಲಬಾರದಲ್ವಾ?" ಟಾರ್ಪಾಲಣ್ಣನ ದನಿ ಸಣ್ಣಗಾಯಿತು. "ಕೈ ತಾನಾಗೇ ಹೊಲಿದುಬಿಟ್ಟಿದೆ ಕಣೇ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ," ಅತ್ತೆ ನಿಟ್ಟುಸಿರಿಟ್ಟರು.

"ಇಷ್ಟು ಸೋರಿಕೆ ಹಿಡಿದಿದ್ದೀನಿ, ಇಷ್ಟು ನಾಜೂಕಾಗಿ ಹೊಲಿದ ಸೋರಿಕೆ ನೋಡಿರ್ಲಿಲ್ಲ ರೀ!" ಹೆಂಡತಿ ನಗುನಗುತ್ತಾ ಕಣ್ಣೊರೆಸಿಕೊಂಡಳು. "ಬಟ್ಟೆ ಮೆತ್ತಗಿದೆ, ಮಗೂಗೆ ಹಿತವಾಗಿದೆ. ತೂತು ಮುಚ್ಚಿಕೊಡಿ. ನಾನು ನಾಳೆ ಹೋಗ್ತೀನಿ."

ಅವನು ಮುಚ್ಚಿದ. ಸಮವಸ್ತ್ರ ಒಗೆದು ಇಸ್ತ್ರಿಯನ್ನೂ ಮಾಡಿದ. ಮಾಡುತ್ತಾ ಹೊಸ ಶಪಥ ತೊಟ್ಟ: ಇನ್ನು ಮೇಲೆ ನನ್ನ ಕೈಯಿಂದ ತೂತಿರುವ ಬಟ್ಟೆ ಹೊರಗೆ ಹೋಗಲ್ಲ!

ಸೋಮವಾರ ಮನೆ ಮುಂದಿನ ಅಂಗಡಿಯಲ್ಲಿ ಮಗಳನ್ನು ತೊಟ್ಟಿಲಲ್ಲಿ ಮಲಗಿಸಿಕೊಂಡು ಅವನು ಲಾರಿಯೊಂದರ ಹೊದಿಕೆ ಮುಗಿಸಿ ಕಳಿಸಿದ. ಸಂಜೆ ಹೆಂಡತಿ ಬೂಟಿನ ತುಂಬ ಕೆಸರು, ಮುಖದ ತುಂಬ ಬೆಳಕು ಹೊತ್ತು ಬಂದಳು. ಮೂರು ಸೋರಿಕೆ ಹಿಡಿದಿದ್ದಳು! ಮಗಳನ್ನು ಎತ್ತಿಕೊಂಡು ಮುಟ್ಟಿ ನೋಡಿದಳು. ಡೈಪರು ಹೊರಗೆ ಒಣಒಣ. ಬಿಚ್ಚಿ ನೋಡಿದರೆ ಟೊಮೇಟೊದ ಕೆಂಪು ಅರ್ಧಕ್ಕರ್ಧ ಇಳಿದಿತ್ತು.

"ನಿಮ್ಮಂಥ ಕೈ ಇನ್ನೊಂದಿಲ್ಲ ರೀ," ಎಂದಳು. ಟಾರ್ಪಾಲಣ್ಣ ಉಬ್ಬಿಹೋದ.

ಅಷ್ಟರಲ್ಲಿ ಹೊರಗೆ ಹಾರ್ನ್ ಮೊರೆಯಿತು. ಬೆಳಗಿನ ಲಾರಿಯೇ! ದಾರಿಯಲ್ಲಿ ಮಳೆ ಸಿಕ್ಕಿತ್ತು. ಮೂಟೆಗಳ ಪಕ್ಕಕ್ಕೆ ಜೋತ ಹೊದಿಕೆಯ ಅಂಚಿನಲ್ಲಿ ಒಂದು ಕೆರೆಯೇ ಕೂತು ತುಳುಕುತ್ತಿತ್ತು.

"ಏನಣ್ಣಾ ಇದು!" ಚಾಲಕ ಇಳಿಯುತ್ತಲೇ ಕೂಗಿದ. "ತೂತಿಲ್ಲ, ಬಳೆಯಿಲ್ಲ, ಸುತ್ತ ಎಲಾಸ್ಟಿಕ್ ಬೇರೆ! ಒಂದು ಹನಿ ಹೊರಗೆ ಹೋಗ್ತಿಲ್ಲ! ಲಾರಿಗೆ ಹೊದಿಕೆ ಕೇಳಿದ್ರೆ ಚಡ್ಡಿ ಹೊಲಿದಿದ್ದೀಯಲ್ಲ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹೆಂಡತಿ ಮಗಳನ್ನು ಅಮ್ಮನ ಕೈಗಿತ್ತು, ತೂತು ಹೊಡೆಯುವ ಉಳಿ ಹಿಡಿದು ಸರಸರ ಲಾರಿ ಹತ್ತಿದಳು.

"ಎಲ್ಲಿ ಹೊಡೀಲಿ, ತೋರಿಸಿ!"

"ಇಲ್ಲೇ, ನೀರು ಕೂತಿರೋ ಕಡೆ," ಎಂದು ಅವನು ಕೆಳಗೆ ನಿಂತು ಬೆರಳು ತೋರಿಸಿದ.

ಅವಳು ಗುರಿ ತಪ್ಪುವವಳಲ್ಲ. ಕೆರೆ ಪೂರ್ತಿ ಅವನ ನೆತ್ತಿಯ ಮೇಲೆ ಇಳಿಯಿತು. ಬನಿಯನ್ನಿನಿಂದ ಚಪ್ಪಲಿಯವರೆಗೆ ಒಂದು ನೂಲು ಒಣಗಿ ಉಳಿಯಲಿಲ್ಲ. ಬಾಗಿಲಲ್ಲಿ ಮಗಳು ಕೇಕೆ ಹಾಕಿದಳು, ತಾನು ಮಾತ್ರ ಒಣಗಿದ್ದವಳು.

ಅತ್ತೆ ಹೊಸ ಡೈಪರೊಂದನ್ನು ತೆಗೆದು, ಟಿಚ್ ಬಟನ್‌ಗಳನ್ನೆಲ್ಲ ಪಟಪಟ ಬಿಚ್ಚಿ, ಅಳಿಯನ ಮುಂದೆ ಹಿಡಿದರು.

"ತಗೊಳ್ಳಿ ಅಳಿಯಂದ್ರೇ. ಒಂದೇ ಸೈಜು ಅಂದಿದ್ರಲ್ಲ!"