ಮಾವನ ಬಾವಿಯಲ್ಲಿ ಮೂವತ್ತು ಅಡಿ ನೀರು

ನಾಸಿಕದಿಂದ ಮಾವ ಶಿವರಾಯರ ಫೋನು ಬಂದಾಗ ಬಸವಕುಮಾರ ಅವಲಕ್ಕಿ ತಿನ್ನುತ್ತಿದ್ದ.

“ಅಳಿಯಂದ್ರೆ, ನಮ್ಮ ಬಾವಿ ಬತ್ಯಾದ್ರಿ. ಮಳಿ ಬರೋತನಕ ನಾನೂ ನಿಮ್ಮತ್ತೀನೂ ನಿಮ್ಮಲ್ಲೇ ಇರ್ತೀವ್ರಿ.”

ಸಂಭಾಜಿನಗರದ ಅವನ ಬಾಡಿಗೆ ಮನೆಗಿದ್ದುದು ಅಡುಗೆಮನೆ ಬಿಟ್ಟರೆ ಒಂದೇ ಕೋಣೆ. ಮಾವನ ಗೊರಕೆಗೆ ಅದೆಲ್ಲಿ ಸಾಕು? ಅದಕ್ಕೆ ಎಲ್ಲೋರದ ಗುಹೆಯೇ ಬೇಕು.

ಊರೂರಿನ ಬಾವಿಗಳ ನೀರಿನ ಮಟ್ಟವನ್ನು ಕಚೇರಿಯ ಕಂಪ್ಯೂಟರಿನಲ್ಲಿ ನೋಡುತ್ತ ಕೂರುವುದು ಬಸವಕುಮಾರನ ಕೆಲಸ. ಕಳೆದ ವರ್ಷ ಮಾವನ ಬಾವಿಗೂ ಅವನೇ ಮುಂದೆ ನಿಂತು ಸೆನ್ಸರ್ ಹಾಕಿಸಿದ್ದ. ತಿಂಡಿ ಬಿಟ್ಟು ಕಚೇರಿಗೆ ಓಡಿ ಪರದೆ ನೋಡಿದ. ಮೂವತ್ತು ಅಡಿ ನೀರು!

ಸಂಗತಿಯೆಲ್ಲ ಕೇಳಿದ್ದ ಬೀದರಿನ ಉತ್ಕರ್ಷ ಪಕ್ಕದ ಮೇಜಿನಿಂದ ಇಣುಕಿದ. “ಅರೇ, ಇದರಾಗ ನಿನ್ನ ಮಾವ ಈಜು ಹೊಡೀಬಹುದಲ್ಲೋ! ಫೋನ್ ಹಚ್ಚು. ಇವತ್ತು ಹೇಳ್ಲಿಲ್ಲಂದ್ರ ಜಿಂದಗೀಭರ್ ಗೊರಕಿ ಕೇಳ್ತಿ.”

ಬಸವಕುಮಾರ ಧೈರ್ಯ ಮಾಡಿದ. “ಮಾವಾರೆ, ನಿಮ್ಮ ಬಾವ್ಯಾಗ ಮೂವತ್ತು ಅಡಿ ನೀರದ. ನಾ ಇಲ್ಲಿಂದೇ ನೋಡ್ಲತ್ತೀನಿ.”

 

“ಕಂಪ್ಯೂಟರ್ ಹಂಗಂತದೇನ್ರಿ?” ಎಂದರು ಮಾವ. “ಹಂಗಾದ್ರ ನನ್ನ ಕಣ್ಣಿಗೇ ಪೊರಿ ಬಂದಿರಬೇಕು. ನೀವು ಕಲ್ತವರು. ಆಯ್ತು, ಬರಂಗಿಲ್ರಿ.”

ಬಸವಕುಮಾರ ಇಡೀ ಕಚೇರಿಗೆ ಪೇಢೆ ಹಂಚಿದ. ಸುದ್ದಿ ತಿಳಿದ ಹೆಂಡತಿ ವೈಷ್ಣವಿ ಫೋನಿನಲ್ಲಿ, “ನಮ್ಮಪ್ಪ ಸುಳ್ಳ ಹೇಳ್ತಾರೇನ್ರಿ?” ಎಂದು ಸಿಡುಕಿದಾಗಲೂ ಅವನ ಬಾಯಿ ಸಿಹಿಯಾಗಿಯೇ ಇತ್ತು.

ಸಂಜೆ ಹೊರಡುವಾಗ ಉತ್ಕರ್ಷ ಪರದೆಗೆ ಮೂಗು ಹಚ್ಚಿ ನಿಂತ. “ಬಸ್ಯಾ, ಬೆಳಗಿಂದ ಒಂದಿಂಚೂ ಇಳಿದಿಲ್ಲಲ್ಲೋ! ತಾರೀಖು ನೋಡು, ಇದು ದೀಪಾವಳಿ ನೀರು. ಅವತ್ತೇ ನಿನ್ನ ಸೆನ್ಸರಿನ ಬ್ಯಾಟರಿ ಸತ್ತದ.”

ಬಸವಕುಮಾರ ಮನೆಗೆ ಓಡಿದ. ಬಾಗಿಲಲ್ಲಿ ಟೆಂಪೊ ನಿಂತಿತ್ತು. ಮನೆಯೊಳಗೆ ಮಾವ, ಅತ್ತೆ ರುಕ್ಮಿಣಿಬಾಯಿ. ಅವರ ಸುತ್ತ ಖಾಲಿ ಕೊಡ ತಬ್ಬಿಕೊಂಡು, ಜಾತ್ರೆಯಲ್ಲಿ ತಪ್ಪಿಸಿಕೊಂಡವರಂತೆ ಕೂತ ಹತ್ತಾರು ಮಂದಿ.

“ನಿಮ್ಮ ಮಾತು ನಂಬಿ, ಗಲ್ಲಿಗೆ ಬಂದಿದ್ದ ಟ್ಯಾಂಕರ್ ವಾಪಸ್ ಕಳಿಸ್ದೆ ಅಳಿಯಂದ್ರೆ,” ಎಂದರು ಮಾವ ತಣ್ಣಗೆ. “‘ನಮ್ಮ ಬಾವ್ಯಾಗ ಭರ್ತಿ ನೀರದ, ಎಲ್ಲಾರೂ ಸೇದ್ಕೊಳ್ರಿ’ ಅಂದೆ. ಕೊಡದಾಗ ಬರೇ ಕೆಸರು ಬಂತು. ಗಲ್ಲಿಯವರು ಬಿಡ್ತಾರೇನ್ರಿ? ‘ನೀರು ಕಂಡವರ ಮನಿಗೇ ನಡೀರಿ’ ಅಂತ ನನ್ನೇ ಟೆಂಪೊ ಹತ್ತಿಸಿದ್ರು.”

ಅಡುಗೆಮನೆಯಿಂದ ವೈಷ್ಣವಿ ಹೊರಗೆ ಬಂದಳು.

“ಚಹಾಕ್ಕ ಇಟ್ಟೀನ್ರಿ, ಇದ್ದ ನೀರೆಲ್ಲಾ ಅದಕ್ಕೇ ಆಯ್ತು. ನಳಕ್ಕ ನೀರು ಬರೋದು ಇನ್ನ ಶುಕ್ರವಾರ.”