ಬಿಸ್ಕಿಟ್ ಡಬ್ಬಿಯ ದವಾಖಾನೆ

ಒಂದು ಕನ್ಫೆಷನ್ ಮಾಡಿಬಿಡುತ್ತೇನೆ. ಶುರು ಮಾಡಿದ್ದನ್ನು ಮುಗಿಸಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ನನ್ನ ಹೋಂವರ್ಕಿಗೆ ಹತ್ತಿತೇ ಹೊರತು ಗುಳಿಗೆಗಳಿಗೆ ಹತ್ತಲಿಲ್ಲ. ಐದು ದಿನದ ಆಂಟಿಬಯಾಟಿಕ್ ಬರೆದುಕೊಟ್ಟರೆ ಎರಡೇ ದಿನಕ್ಕೆ ವಾಸಿಯಾಗಿ, ಉಳಿದದ್ದನ್ನು ಬಿಸ್ಕಿಟ್ ಡಬ್ಬಿಗೆ ಹಾಕುವವಳು ನಾನು. ಇದು ಅಪ್ಪನ ಬಳುವಳಿ. ಕಮಲಾಪುರದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅಪ್ಪನಿಗೆ ಔಷಧ ಚೆಲ್ಲುವುದೆಂದರೆ ಅನ್ನ ಚೆಲ್ಲಿದಂತೆ. ಪುಡಿ ಕಟ್ಟುವ ಅವರ ಬೆರಳುಗಳ ವಾಸನೆ ಈ ಡಬ್ಬಿ ತೆರೆದಾಗಲೆಲ್ಲ ಬರುತ್ತದೆ. ಈಗಲೂ ಅಲ್ಲಿರುವ ತಂಗಿ ಸುಮಿತ್ರಾಳ ಮನೆಗೆ ಹೊರಟರೆ ಪರ್ಸಿನಲ್ಲಿ ಅರ್ಧರ್ಧ ಸ್ಟ್ರಿಪ್ಪುಗಳು. ಕಲಬುರಗಿಗೆ ಹಿಂತಿರುಗುವಾಗ ಚೀಲದ ತುಂಬ ಕೆಂಪು ಬಾಳೆಹಣ್ಣು. ಆ ಓಣಿಗೆ ನಾನು ಡಾಕ್ಟರ್ ಅಕ್ಕ. ಎಂಥ ಲವ್ಲಿ ಎಕ್ಸ್‌ಚೇಂಜ್!

ಹೋದ ತಿಂಗಳು ನನಗೇ ಯೂರಿನ್ ಇನ್‌ಫೆಕ್ಷನ್ ಆಯಿತು. ಡಬ್ಬಿಯ ಗುಳಿಗೆ ನುಂಗಿದರೂ ಜ್ವರ ಇಳಿಯಲಿಲ್ಲ. ಜಗತ್ ಸರ್ಕಲ್ ಹತ್ತಿರದ ಲ್ಯಾಬಿನ ರಿಪೋರ್ಟಿನಲ್ಲಿ ಸಾಲು ಸಾಲು 'ರೆಸಿಸ್ಟೆಂಟ್', ಅಂದರೆ ಆ ಔಷಧಗಳಿಗೆ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ. ನಾಟುವ ಗುಳಿಗೆ ಒಂದೇ ಉಳಿದಿತ್ತು. "ಏಳು ದಿನ ಪೂರ್ತಿ ತಗೋರಿ ಮೇಡಂ. ಇದೂ ಹತ್ತಲಿಲ್ಲಂದ್ರ ಅಡ್ಮಿಟ್ ಆಗಬೇಕಾಗ್ತದ್ರಿ" ಎಂದರು ಡಾಕ್ಟರು.

ಹೊಸ ಆಂಟಿಬಯಾಟಿಕ್ ಹುಡುಕುವ ಲ್ಯಾಬಿನಲ್ಲಿರುವ ಮೊಮ್ಮಗಳು ವಸುಧಾ ರಜೆಗೆ ಬಂದಿದ್ದಳು. ರಿಪೋರ್ಟು ನೋಡಿ, ಡಬ್ಬಿ ನೋಡಿ, ಸೊಂಟದ ಮೇಲೆ ಕೈಯಿಟ್ಟಳು.

"ಅಜ್ಜೀ, ಅಷ್ಟು ವರ್ಷ ಟೀಚರ್ ಆಗಿದ್ದು ಸಾಲಲಿಲ್ಲೇನು? ಈಗ ಬ್ಯಾಕ್ಟೀರಿಯಾಕ್ಕ ಟ್ಯೂಶನ್ ಹೇಳಾಕತ್ತೀದಿ! ಅರ್ಧಾ ಅರ್ಧಾ ಔಷಧ ಕೊಟ್ರ ಅವು ಸಾಯೂದಿಲ್ಲ, ತಪ್ಪಿಸ್ಕೊಳ್ಳೂದು ಕಲೀತಾವ."

ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಗಂಟೊಂದನ್ನು ತೋರಿಸಿದಳು. ನಿಟ್ಟಿಂಗ್ ಕ್ಲಾಸಿನಲ್ಲಿ ನಾನು ಸಿಕ್ಕು ಮಾಡುತ್ತಿದ್ದ ಉಲ್ಲನ್ನಿನಂತೆಯೇ ಇತ್ತು.

"ಇದು ಬ್ಯಾಕ್ಟೀರಿಯಾದ ಎಂಜೈಮ್. ಅದರ ಗ್ವಾಡಿ ಕಟ್ಟೋ ಮೇಸ್ತ್ರಿ. ಅದರ ಮೈಮ್ಯಾಲಿನ ಈ ತಗ್ಗಿನ ಅಳತಿ ತಗೊಂಡು, ಅದರಾಗ ಬಿಗಿಯಾಗಿ ಕೂಡೂವಂಥ ಔಷಧ ಮಾಡ್ತೀವಿ. ಮೇಸ್ತ್ರಿ ಕೈ ಕಟ್ಟಿದ್ರ ಗ್ವಾಡಿ ನಿಲ್ಲೂದಿಲ್ಲ."

"ಸೂಪರ್ ಮಾರ್ಕೆಟ್ ಏರಿಯಾದ ಟೇಲರ್ ಬ್ಲೌಸ್ ಹೊಲೀತಾನಲ್ಲ, ಹಂಗ?"

"ಹೂಂ. ಆದ್ರ ಬ್ಯಾಕ್ಟೀರಿಯಾನೂ ನಿನ್ನಂಗ ಅಜ್ಜಿ. ಹೊಲದು ಮುಗಿಸೂದ್ರಾಗ ಅಳತಿ ಬದಲಾಗಿರ್ತದ."

"ಯಾವಾಗ ಬರ್ತದವಾ ನಿನ್ನ ಗುಳಿಗಿ?"

"ಇನ್ನೂ ಭಾಳ ವರ್ಷ. ಅಲ್ಲೀತನಕ ಈಗಿರೂ ಔಷಧ ಕೆಡಿಸಬ್ಯಾಡ."

ಮೂರನೆಯ ದಿನ ಜ್ವರ ಇಳಿಯಿತು. ಉಳಿದ ಗುಳಿಗೆ ಹಿಡಿದ ಕೈ ತಾನಾಗಿ ಡಬ್ಬಿಯತ್ತ ಹೋಯಿತು. ಅದೇ ಹೊತ್ತಿಗೆ ಸುಮಿತ್ರಾಳ ಫೋನು: "ಅಕ್ಕಾ, ಕೆಮ್ಮು ಹತ್ತೇದ. ಒಂದೆರಡು ಗುಳಿಗಿ ತೆಗೆದಿಡು. ಬಾಳಿಗೊನಿ ಹಣ್ಣಾಗಿ ನಿನ್ನ ದಾರೀನೇ ನೋಡಾಕತ್ತೇದ." ಕೆಂಪು ಹಣ್ಣಿನ ಘಮ ಫೋನಿನಲ್ಲೇ ಬಂದಂತಾಯಿತು. ಆದರೂ "ಡಾಕ್ಟರಿಗೆ ತೋರಿಸವಾ" ಎಂದು, ಏಳೂ ದಿನದ್ದನ್ನು ನಾನೇ ನುಂಗಿದೆ. ಬದುಕಿನಲ್ಲಿ ಮುಗಿಸಿದ ಮೊದಲ ಗುಳಿಗೆ ಕೋರ್ಸು! ಹೊಸ ರಿಪೋರ್ಟು ಕ್ಲಿಯರ್.

ಡಬ್ಬಿಯಲ್ಲಿದ್ದ ಗುಳಿಗೆಗಳನ್ನೆಲ್ಲ ವಸುಧಾ ತೆಗೆದಳು. ಡಬ್ಬಿಯನ್ನು ನಾನು ಬಿಡಲಿಲ್ಲ. ಅವಳು ಊರಿಗೆ ಹೊರಟ ದಿನ ಆಟೋದವರೆಗೂ ಹೋಗಿ, ಕಿವಿಯ ಬಳಿ ಮೆಲ್ಲಗೆ ಹೇಳಿದೆ: "ನಿನ್ನ ಹೊಸ ಗುಳಿಗಿ ಬಂದಾಗ, ನನಗೊಂದೆರಡು ಎತ್ತಿಡವಾ."